ತಲೆ ಕೆಳಗೆ ಮಾಡಿ ಇಳಿಯುವ ಹಕ್ಕಿಯನ್ನು ಫೋಟೋದಲ್ಲಿ ಹಿಡಿಯುವುದು ಹೇಗೆ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಹತ್ತಿರ ನಮ್ಮ ಅಡಿಕೆ ತೋಟ. ಗುಡ್ಡೆ ಬದಿಯ ಹಳೆ ಹಲಸಿನ ಮರದಲ್ಲಿ ಗುಬ್ಬಿಗಿಂತ ಸಣ್ಣ ನೀಲಿ ಹಕ್ಕಿಯೊಂದು ತಲೆ ಕೆಳಗೆ ಮಾಡಿ ಓಡಾಡುತ್ತದೆ. ಕೊಕ್ಕು ಕೆಂಪು. ಫೋಟೋ ತೆಗೆದರೆ ಬರೀ ಮಸುಕು, ಇಲ್ಲವೇ ಬಾಲ ಮಾತ್ರ. ಏನು ಮಾಡಲಿ?

ಉತ್ತರ: ಕೆಂಪು ಕೊಕ್ಕು ಅಂದಿರಲ್ಲ, ಅನುಮಾನ ಅಲ್ಲಿಗೇ ಮುಗಿಯಿತು. ಅದು ವೆಲ್ವೆಟ್ ಫ್ರಂಟೆಡ್ ನಟ್‌ಹ್ಯಾಚ್. ಹಣೆಗೆ ಕಪ್ಪು ಮಕಮಲ್ಲಿನ ತುಂಡು ಅಂಟಿಸಿದ ಹಾಗಿರುತ್ತದೆ, ಅದಕ್ಕೇ ಆ ಹೆಸರು. ನನಗೆ ಮಲಯಾಳದ ಹೆಸರೇ ಜಾಸ್ತಿ ಇಷ್ಟ: ಗೌಳಿಕ್ಕಿಳಿ. ಗೌಳಿ ಅಂದರೆ ಹಲ್ಲಿ. ಗೋಡೆ ಮೇಲಿನ ಗೌಳಿಯ ನಡಿಗೆ ನೋಡಿದ್ದೀರಲ್ವಾ, ಥೇಟ್ ಅದೇ.

ಮರಕುಟಿಗ ಗಟ್ಟಿ ಬಾಲವನ್ನು ಮರಕ್ಕೆ ಊರಿಕೊಂಡು ಹತ್ತುತ್ತದೆ. ಇದಕ್ಕೆ ಬಾಲದ ಹಂಗಿಲ್ಲ. ಒಂದು ಕಾಲು ಮೇಲೆ, ಒಂದು ಕೆಳಗೆ. ಮೇಲಿನದರಲ್ಲಿ ನೇತಾಡುತ್ತದೆ, ಕೆಳಗಿನದನ್ನು ಆನಿಸಿಕೊಳ್ಳುತ್ತದೆ. ಹಿಂಬೆರಳಿನ ಉಗುರು ಉದ್ದ, ಕೊಕ್ಕೆಯ ಹಾಗೆ ಬಾಗಿದ್ದು. ಹಾಗಾಗಿ ಯಾವ ದಿಕ್ಕಿಗೂ ಓಡುತ್ತದೆ, ತೊಗಟೆಯ ಸಂದಿಯ ಹುಳು ಹೆಕ್ಕುತ್ತಾ.

ನೀವು ಬಹುಶಃ ಹಕ್ಕಿಯ ಹಿಂದೆ ಲೆನ್ಸ್ ಓಡಿಸುತ್ತಿದ್ದೀರಿ. ಮೊದಮೊದಲು ನಾನೂ ಅದನ್ನೇ ಮಾಡಿದೆ. ಒಂದು ಬೆಳಿಗ್ಗೆ ಪೂರ್ತಿ ಒದ್ದಾಡಿ ಮನೆಗೆ ಬಂದು ನೋಡಿದರೆ ಕಾರ್ಡಿನ ತುಂಬ ಹಲಸಿನ ತೊಗಟೆ, ಅದೂ ಬಹಳ ಚೊಕ್ಕ ಫೋಕಸಿನಲ್ಲಿ! ಈಗ ಸುಮ್ನೆ ನಿಂತು ಅದು ಸಾಗುವ ದಾರಿ ನೋಡುತ್ತೇನೆ. ಎರಡಡಿ ಮುಂದಿನ ತೊಗಟೆಗೆ ಫೋಕಸ್ ಇಟ್ಟು ಕಾಯುತ್ತೇನೆ. ಇಳಿಯುತ್ತಾ ಇಳಿಯುತ್ತಾ ಅದು ಒಮ್ಮೆ ಕತ್ತೆತ್ತಿ ನಿಲ್ಲುತ್ತದೆ, ಕಣ್ಣು ಮಿಟುಕಿಸುವಷ್ಟು ಹೊತ್ತು. ಹಳದಿ ಕಣ್ಣು, ಕೆಂಪು ಕೊಕ್ಕು ಎರಡೂ ಸಿಗುವುದು ಆಗಲೇ.

ಶಟರ್ ವೇಗ 1/1000 ಸೆಕೆಂಡಿಗಿಂತ ನಿಧಾನ ಬೇಡ. ಮರದಡಿ ಮಬ್ಬು ಬೆಳಕು, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ ಏರಿದರೆ ಏರಲಿ. ಸ್ವಲ್ಪ ಕಾಳುಕಾಳಾದ ಫೋಟೋ ಮಸುಕು ಫೋಟೋಗಿಂತ ಎಷ್ಟೋ ವಾಸಿ. ಹಿಂದೆ ಆಕಾಶ ಬಂದರೆ ಹಕ್ಕಿ ಕರಿ ಬೊಂಬೆಯಾಗುತ್ತದೆ, ಎಕ್ಸ್‌ಪೋಶರ್ ಒಂದು ಸ್ಟಾಪ್ ಏರಿಸಿ, ಅಂದರೆ ಬೆಳಕು ಎರಡರಷ್ಟು ಮಾಡಿ.

ಹುಡುಕುವಾಗ ಕಣ್ಣಿಗಿಂತ ಕಿವಿಗೆ ಕೆಲಸ ಕೊಡಿ. ಇದು ಹೆಚ್ಚಾಗಿ ಕಾಜಾಣ, ಚಿತ್ರಪಕ್ಷಿಗಳ ಗುಂಪಿನ ಜೊತೆ ತಿರುಗುತ್ತದೆ. ಆ ಗಲಾಟೆಯ ನಡುವೆ ಚುರುಕಾದ 'ಚಿಟ್ ಚಿಟ್ ಚಿಟ್' ಕೇಳಿದರೆ ಹತ್ತಿರದ ದಪ್ಪ ಮರ ನೋಡಿ. ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವ ಕೆಲಸ ಮಾತ್ರ ಬೇಡ. ಪೊಟರೆಯಲ್ಲಿ ಗೂಡಿದ್ದರಂತೂ ದೂರವೇ ಇರಿ.

ಗಂಡಿಗೆ ಕಣ್ಣಿನ ಹಿಂದೆ ಹುಬ್ಬು ತೀಡಿದ ಹಾಗೆ ಕಪ್ಪು ಗೆರೆಯಿದೆ, ಹೆಣ್ಣಿಗಿಲ್ಲ. ಚೊಕ್ಕ ಫೋಟೋ ಒಂದು ಸಿಕ್ಕಿದ ದಿನ ದೊಡ್ಡದು ಮಾಡಿ ನೋಡಿ, ನಿಮ್ಮ ಹಲಸಿನ ಮರದ್ದು ಯಾವುದು ಅಂತ ಬರೆಯಿರಿ.