ಕಾರ್ಬನ್ ನೈಟ್ರೈಡ್ ಪುಡಿ ಸಾಲದೆ? ನ್ಯಾನೊಕೊಳವೆ ಏಕೆ?

ಪ್ರಶ್ನೆ: ಬಿಸಿಲು ಬಿದ್ದರೆ ನೀರಿನಿಂದ ಹೈಡ್ರೋಜನ್ ಬಿಡಿಸುವ ಕಾರ್ಬನ್ ನೈಟ್ರೈಡನ್ನು ಯೂರಿಯಾ ಕಾಯಿಸಿಯೇ ಮಾಡಬಹುದಂತೆ. ಪುಡಿ ಇಷ್ಟು ಸುಲಭವಾಗಿ ಸಿಗುವಾಗ ಅದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಯಾಗಿಸಲು ವಿಜ್ಞಾನಿಗಳು ಕಷ್ಟಪಡುವುದೇಕೆ?

ಉತ್ತರ: ಕಾರ್ಬನ್ ನೈಟ್ರೈಡ್ ಎಂದರೆ ಇಂಗಾಲ ಮತ್ತು ಸಾರಜನಕ ಸೇರಿದ, ಪದರ ಪದರವಾಗಿರುವ ಅರೆವಾಹಕ. ಅದರ ಪುಡಿ ಮಾಡುವುದು ಸುಲಭ ಎಂಬುದು ನಿಜ. ಯೂರಿಯಾವನ್ನೋ ಮೆಲಮೈನನ್ನೋ (ಸಾರಜನಕ ಹೇರಳವಾಗಿರುವ ಬಿಳಿ ರಾಸಾಯನಿಕ) ಮುಚ್ಚಳವಿರುವ ಮೂಸೆಯಲ್ಲಿಟ್ಟು ಕುಲುಮೆಯಲ್ಲಿ ಸುಮಾರು 550 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಕಾಯಿಸಿದರೆ ಹಳದಿ ಪುಡಿ ಉಳಿಯುತ್ತದೆ. ಅಮೋನಿಯಾ ಅನಿಲ ಹೊರಬರುವುದರಿಂದ ಇದನ್ನು ಮನೆಯಲ್ಲಿ ಖಂಡಿತ ಮಾಡಬೇಡಿ.

ಈ ಪುಡಿಗೆ ಬೆಳಕಿನಲ್ಲಿ ಹೈಡ್ರೋಜನ್ ಹೊರಡಿಸುವ ಶಕ್ತಿಯಿದೆಯೆಂದು 2009ರಲ್ಲಿ ಷಿನ್‌ಚೆನ್ ವಾಂಗ್, ಕಜುನಾರಿ ಡೊಮೆನ್, ಮಾರ್ಕಸ್ ಆಂಟೊನಿಯೆಟ್ಟಿ ಮತ್ತು ಸಂಗಡಿಗರು ತೋರಿಸಿದರು. ಅಲ್ಲಿಯವರೆಗೆ ಹೆಚ್ಚು ಬಳಕೆಯಲ್ಲಿದ್ದ ಟೈಟಾನಿಯಂ ಡೈಆಕ್ಸೈಡ್ ಅತಿನೇರಳೆ ಕಿರಣಕ್ಕಷ್ಟೇ ಸ್ಪಂದಿಸುತ್ತದೆ. ಬಿಸಿಲಿನ ಶಕ್ತಿಯಲ್ಲಿ ಅದರ ಪಾಲು ಶೇ 5ರ ಆಸುಪಾಸು. ಕಾರ್ಬನ್ ನೈಟ್ರೈಡ್ ಕಣ್ಣಿಗೆ ಕಾಣುವ ನೀಲಿ ಬೆಳಕನ್ನೂ, ಅಂದರೆ ಅಲೆಯುದ್ದದಲ್ಲಿ ಸುಮಾರು 460 ನ್ಯಾನೊಮೀಟರ್‌ವರೆಗಿನದನ್ನು, ಹೀರಿಕೊಳ್ಳುತ್ತದೆ. (ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ.)

ತೊಂದರೆ ಶುರುವಾಗುವುದು ಬೆಳಕು ಹೀರಿದ ಮೇಲೆ. ಬೆಳಕು ತಾಗಿದಾಗ ಎಲೆಕ್ಟ್ರಾನ್ ಒಂದು ಮೇಲಿನ ಶಕ್ತಿಮಟ್ಟಕ್ಕೆ ಜಿಗಿಯುತ್ತದೆ. ಅದು ಬಿಟ್ಟುಹೋದ ಜಾಗ ಧನ ವಿದ್ಯುದಂಶದಂತೆ ವರ್ತಿಸುತ್ತದೆ. ಇವೆರಡೂ ಕಣದ ಮೇಲ್ಮೈ ತಲುಪಿದರಷ್ಟೇ ರಾಸಾಯನಿಕ ಕ್ರಿಯೆ. ದಾರಿಯಲ್ಲೇ ಮತ್ತೆ ಕೂಡಿಕೊಂಡರೆ ಹೀರಿದ ಶಕ್ತಿಯೆಲ್ಲ ಶಾಖವಾಗಿಯೋ ಮಂದ ಹೊಳಪಾಗಿಯೋ ವ್ಯರ್ಥ. ಸಾಧಾರಣ ಪುಡಿಯಲ್ಲಿ ಪದರಗಳು ದಟ್ಟವಾಗಿ ಅಂಟಿಕೊಂಡಿರುತ್ತವೆ. ಮೆಲಮೈನ್‌ನಿಂದ ಮಾಡಿದ್ದಕ್ಕೆ ಒಂದು ಗ್ರಾಂಗೆ ಸುಮಾರು 10 ಚದರ ಮೀಟರ್ ಮೇಲ್ಮೈಯಷ್ಟೇ. ಒಳಗೆ ಹುಟ್ಟಿದ ಹೆಚ್ಚಿನ ಜೋಡಿಗಳು ಹೊರಗೆ ಬರುವುದೇ ಇಲ್ಲ.

ಕೊಳವೆಯ ಗೋಡೆ ತೆಳು. ವಿದ್ಯುದಂಶ ಯಾವ ಕಡೆ ಹೋದರೂ ಮೇಲ್ಮೈ ಹತ್ತಿರವೇ, ಅದೂ ಒಳಗೊಂದು, ಹೊರಗೊಂದು. ನೀರು ಟೊಳ್ಳಿನೊಳಕ್ಕೆ ಹರಿಯುತ್ತದೆ, ಒಳಹೊಕ್ಕ ಬೆಳಕು ಗೋಡೆಯಿಂದ ಗೋಡೆಗೆ ಚದುರಿ ಇನ್ನಷ್ಟು ಹೀರಲ್ಪಡುತ್ತದೆ. ಪಟ್ಟ ಕಷ್ಟಕ್ಕೆಲ್ಲ ಇದೇ ಕಾರಣ.

ಇನ್ನು ತಯಾರಿಕೆ. ಹಿಂದೆ ಅಲ್ಯೂಮಿನಾ ಅಥವಾ ಸಿಲಿಕಾದ ಸಣ್ಣ ರಂಧ್ರಗಳನ್ನು ಅಚ್ಚಾಗಿ ಬಳಸುವ ವಿಧಾನ ಹೆಚ್ಚಿತ್ತು. ಸಿಲಿಕಾ ಅಚ್ಚನ್ನು ಕರಗಿಸಲು ಬೇಕಾಗುವ ಫ್ಲೋರೈಡ್ ರಾಸಾಯನಿಕಗಳು ಬಲು ಅಪಾಯಕಾರಿ. ನನಗೆ ಮೆಚ್ಚುಗೆಯಾಗುವುದು ಅಚ್ಚಿಲ್ಲದ ದಾರಿ. ಮೆಲಮೈನ್ ಮತ್ತು ನೀರನ್ನು ಬಿಗಿಯಾಗಿ ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ 180–200 ಡಿಗ್ರಿಗೆ ಕಾಯಿಸಿದರೆ ಸ್ವಲ್ಪ ಮೆಲಮೈನ್ ನೀರಿನೊಡನೆ ವರ್ತಿಸಿ ಸಯನೂರಿಕ್ ಆಮ್ಲವೆಂಬ ಸಂಬಂಧಿ ರಾಸಾಯನಿಕವಾಗುತ್ತದೆ. ಉಳಿದ ಮೆಲಮೈನ್ ಹೈಡ್ರೋಜನ್ ಬಂಧಗಳ ಮೂಲಕ ಅದರೊಡನೆ ಹೆಣೆದುಕೊಂಡು ಆರು ಮೂಲೆಯ ಬಿಳಿ ಕಡ್ಡಿಗಳಾಗಿ ಬೆಳೆಯುತ್ತದೆ. (ಇವೆರಡರ ಇದೇ ಕರಗದ ಕೂಟ 2007ರಲ್ಲಿ ಕಲಬೆರಕೆ ಆಹಾರ ತಿಂದ ಅಮೆರಿಕದ ಬೆಕ್ಕು-ನಾಯಿಗಳ ಮೂತ್ರಪಿಂಡದಲ್ಲಿ ಹರಳುಗಟ್ಟಿ ಅವುಗಳ ಜೀವ ತೆಗೆಯಿತು.) ಕಡ್ಡಿಗಳನ್ನು ತೊಳೆದು, ಒಣಗಿಸಿ, 500 ಡಿಗ್ರಿಗೂ ಮೇಲೆ ಕಾಯಿಸಿದಾಗ ಹೊರಗಿನ ಭಾಗ ಗಟ್ಟಿಯಾಗಿ ತೊಗಟೆಯಾಗುತ್ತದೆ, ಒಳಗಿನದು ಬಹುಪಾಲು ಅನಿಲವಾಗಿ ಹೊರಟುಹೋಗುತ್ತದೆ. ಉಳಿಯುವುದು ಕೊಳವೆ. ಹೀಗೆ ಸಿಗುವ ಎಷ್ಟೋ ಕೊಳವೆಗಳ ಅಗಲ ನೂರಾರು ನ್ಯಾನೊಮೀಟರ್, ಕೆಲವೊಮ್ಮೆ ಅದಕ್ಕೂ ಹೆಚ್ಚು. ಬಿಸಿ ಬೇಗ ಏರಿದರೆ, ಇಲ್ಲವೇ ಹೆಚ್ಚಾದರೆ, ಗೋಡೆಯೂ ಒಡೆದುಹೋಗುತ್ತದೆ.

ಹೈಡ್ರೋಜನ್ ವಿಷಯದಲ್ಲಿ ಮಾತ್ರ ಎಚ್ಚರದಿಂದ ಓದಿ. ಎದ್ದುಕಾಣುವ ಅಂಕಿಗಳು ಬಹುಪಾಲು ಬರುವುದು ಪ್ಲಾಟಿನಂ ಚೂರು ಸೇರಿಸಿ, ನೀರಿಗೆ ಟ್ರೈಎಥನಾಲಮೈನ್‌ನಂಥ ವಸ್ತು ಬೆರೆಸಿದಾಗ. ಧನ ವಿದ್ಯುದಂಶ ನೀರಿನಿಂದ ಆಮ್ಲಜನಕ ಬಿಡಿಸುವ ಬದಲು ಆ ವಸ್ತುವನ್ನೇ ಸುಡುತ್ತದೆ, ಅಂದರೆ ನೀರು ಒಡೆಯುವ ಕೆಲಸ ಅರ್ಧವೇ ಆಗಿರುತ್ತದೆ. ಕೊಳವೆಯ ಆಕಾರ ಇದನ್ನು ಸರಿಪಡಿಸದು. ಹಸಿರು, ಕೆಂಪು ಬೆಳಕನ್ನೂ ಅದು ಹೀರದು. ಅದಕ್ಕೆ ಗಂಧಕ, ರಂಜಕ ಸೇರಿಸುವ ಅಥವಾ ಬೇರೊಂದು ಅರೆವಾಹಕವನ್ನು ಜೋಡಿಸುವ ಪ್ರಯತ್ನಗಳು ನಡೆದಿವೆ.

ನನ್ನ ಮಟ್ಟಿಗೆ ಹೆಚ್ಚು ಭರವಸೆ ಇರುವುದು ಹೈಡ್ರೋಜನ್ ಪೆರಾಕ್ಸೈಡ್ ತಯಾರಿಕೆಯಲ್ಲಿ. ಇಂದು ಕಾರ್ಖಾನೆಗಳು ಇದಕ್ಕೆ ಹೈಡ್ರೋಜನ್ ಅನಿಲ, ಪಲ್ಲಾಡಿಯಂ ವೇಗವರ್ಧಕ ಮತ್ತು ಸಾವಯವ ದ್ರಾವಕಗಳನ್ನು ಬಳಸುತ್ತವೆ. ಕಾರ್ಬನ್ ನೈಟ್ರೈಡ್ ಗಾಳಿಯ ಆಮ್ಲಜನಕವನ್ನೇ ಬೆಳಕಿನಲ್ಲಿ ಪೆರಾಕ್ಸೈಡ್ ಆಗಿಸಬಲ್ಲದು. ದುರ್ಬಲ ದ್ರಾವಣ ಸಿಕ್ಕರೂ ಸೋಂಕು ನಿವಾರಣೆಗೆ, ಬಣ್ಣದ ತ್ಯಾಜ್ಯ ನೀರಿನ ಶುದ್ಧೀಕರಣಕ್ಕೆ ಬೇಕಾದಲ್ಲೇ ತಯಾರಿಸಿ ಬಳಸಬಹುದು.