ಮಿಕ್ಸರ್ ಹಿಂದೆ ಕೂತವನಿಗೆ ಕೇಳುವ ನಗು

ಹಾಸ್ಯ ಸಂಜೆಯಲ್ಲಿ ಎಲ್ಲರೂ ವೇದಿಕೆ ನೋಡುತ್ತಿರುತ್ತಾರೆ, ನಾನು ಜನರ ಬೆನ್ನು ನೋಡುತ್ತಿರುತ್ತೇನೆ. ಶಿರಸಿಯಲ್ಲಿ ಮೈಕ್‌ಸೆಟ್ ಇಟ್ಟುಕೊಂಡು 26 ವರ್ಷವಾಯಿತು. ಮದುವೆ, ಯಕ್ಷಗಾನದ ಆಟ, ತಾಳಮದ್ದಲೆ, ಆರ್ಕೆಸ್ಟ್ರಾ, ಚುನಾವಣೆ ಸಭೆ, ಎಲ್ಲದಕ್ಕೂ ಇದೇ ಬಾಕ್ಸು, ಇದೇ ವೈರು. ಆದರೆ ಹಾಸ್ಯದ ಕಾರ್ಯಕ್ರಮ ಅಂದರೆ ನನಗೆ ಒಂದು ಕೈ ಹೆಚ್ಚೇ ಹೆದರಿಕೆ. ಹಾಡು ಸ್ವಲ್ಪ ಕೆಟ್ಟು ಕೇಳಿದರೂ ಹಾಡೇ. ನಗೆಮಾತಿನ ಕೊನೆಯ ಒಂದು ಶಬ್ದ ಕೇಳಿಸದೆ ಹೋದರೆ ಅಲ್ಲಿ ಏನೂ ಉಳಿಯುವುದಿಲ್ಲ. ಹಾಡುಗಾರ ಇನ್ನೊಮ್ಮೆ ಪಲ್ಲವಿ ಹಾಡಬಹುದು, ಹಾಸ್ಯಗಾರ ಇನ್ನೊಮ್ಮೆ ಅದೇ ಮಾತು ಹೇಳಿದರೆ ಅವನೇ ನಗೆಪಾಟಲು.

ಬೆನ್ನು ನೋಡಿದರೆ ಗೊತ್ತಾಗುತ್ತದೆ. ಮುಖ ಮರ್ಯಾದೆಗೂ ನಗುತ್ತದೆ. ನಿಜವಾಗಿ ನಕ್ಕಾಗ ಹೆಗಲು ಕುಣಿಯುತ್ತದೆ, ಪ್ಲಾಸ್ಟಿಕ್ ಕುರ್ಚಿ ಕಿರುಗುಟ್ಟುತ್ತದೆ, ಪಕ್ಕದವನ ತೊಡೆಗೆ ಏಟು ಬೀಳುತ್ತದೆ. ಇಷ್ಟು ವರ್ಷ ಬೆನ್ನು ಓದಿ ನನಗೆ ಅನ್ನಿಸಿದ್ದು ಒಂದೇ. ದೊಡ್ಡ ಹಾಸ್ಯಗಾರರಿಗೆ ನಾಲಗೆಗಿಂತ ಕಿವಿ ಚುರುಕು.

ಇದು ನನಗೆ ತಿಳಿದದ್ದು ನನ್ನದೇ ತಪ್ಪಿನಿಂದ. ಮೈಕುಗಳ ದನಿ ಹೊಂದಿಸುವ ಹೊಸ ಡಿಜಿಟಲ್ ಮಿಕ್ಸರ್ ತಂದ ವರ್ಷ. ಹಿಂದಿನ ದಿನ ಆರ್ಕೆಸ್ಟ್ರಾ ಇತ್ತು, ಡ್ರಮ್ಮಿನ ಗದ್ದಲ ಹಾಡುವವರ ಮೈಕಿಗೆ ನುಗ್ಗಬಾರದೆಂದು ನಾಯ್ಸ್ ಗೇಟ್ ಹಾಕಿಟ್ಟಿದ್ದೆ. ಗೇಟ್ ಅಂದರೆ ಹೆಸರೇ ಹೇಳುವಂತೆ ಬಾಗಿಲು: ದನಿ ಒಂದು ಮಟ್ಟಕ್ಕಿಂತ ಇಳಿದರೆ ಮುಚ್ಚಿಕೊಳ್ಳುತ್ತದೆ. ಮಾರನೇ ದಿನ ಹಾಸ್ಯ ಭಾಷಣ, ಗೇಟ್ ತೆಗೆಯಲು ಮರೆತೆ. ಬಂದವರು ಹಳೇ ಪಳಗಿದ ಮನುಷ್ಯ, ಕಥೆಯನ್ನು ಜೋರಾಗಿ ಏರಿಸಿಕೊಂಡು ಬಂದು, ನಿಲ್ಲಿಸಿ, ಕೊನೆಯ ಶಬ್ದವನ್ನು ಪಿಸುಗುಟ್ಟಿದರು. ಬಾಗಿಲು ಮುಚ್ಚಿತ್ತು. ಸುಮಾರು 400 ಜನ, ಒಂದು ಬೆನ್ನೂ ಅಲ್ಲಾಡಲಿಲ್ಲ. ಎರಡನೇ ಸಲವೂ ಹೀಗೇ ಆದಾಗ ಹಿಂದಿನ ಸಾಲಿನ ಅಜ್ಜ ನನ್ನ ಕಡೆ ತಿರುಗಿ, “ತಮಾ, ಎಂತದೂ ಕೇಳ್ತಿಲ್ಲೆ” ಅಂದ. ಆಮೇಲೆ ಆ ಕಲಾವಿದರು ನನ್ನನ್ನು ಬೈಯಲಿಲ್ಲ. ಕಾಫಿ ಕುಡಿಯುತ್ತ, “ಮೂರನೇದಕ್ಕೆ ನಾನು ಪಿಸುಮಾತು ಬಿಟ್ಟೆ, ಗಮನಿಸಿದ್ರಾ?” ಅಂದರು. ಗಮನಿಸಿರಲಿಲ್ಲ. ಎರಡು ನಗು ಸತ್ತದ್ದರಿಂದಲೇ ಅವರು ಯಂತ್ರದ ದೋಷ ಹಿಡಿದು, ನಿಂತಲ್ಲೇ ಮಾತಿನ ಧಾಟಿ ಬದಲಿಸಿದ್ದರು. ಮಿಕ್ಸರ್ ಎದುರಿಗಿದ್ದೂ ನಾನು ಅದನ್ನು ಹಿಡಿದಿರಲಿಲ್ಲ.

ಮೌನದ ವಿಷಯ ಬಂದರೆ ನನ್ನ ಮೊದಲ ಗುರು ಅಮೆರಿಕದ ಹಾಸ್ಯಗಾರ ಜ್ಯಾಕ್ ಬೆನ್ನಿ. 1948ರ ರೇಡಿಯೊ ಕಾರ್ಯಕ್ರಮ. ಬೆನ್ನಿಯ ಪಾತ್ರ ಮಹಾ ಜಿಪುಣನದ್ದು. ಕಳ್ಳನೊಬ್ಬ ಅಡ್ಡಗಟ್ಟಿ ದುಡ್ಡೋ ಪ್ರಾಣವೋ ಅನ್ನುತ್ತಾನೆ. ಬೆನ್ನಿ ಸುಮ್ಮನಾಗುತ್ತಾನೆ. ರೇಡಿಯೊದಲ್ಲಿ ಸುಮ್ಮನಾಗುವುದು! ಮುಖ ಕಾಣುವುದಿಲ್ಲ, ಕೈ ಕಾಣುವುದಿಲ್ಲ, ಖಾಲಿ ಗಾಳಿ. ಆ ಖಾಲಿಯಲ್ಲೇ ಜನ ನಗಲು ಶುರುಮಾಡುತ್ತಾರೆ. ಕಳ್ಳ ಮತ್ತೆ ಗದರಿಸಿದ ಮೇಲೆ, ಯೋಚನೆ ಮಾಡ್ತಾ ಇದ್ದೇನಪ್ಪಾ ಅನ್ನುತ್ತಾನೆ. ಜಿಪುಣತನವನ್ನು ವರ್ಷಗಟ್ಟಲೆ ಕೇಳುಗರ ತಲೆಯಲ್ಲಿ ಬಿತ್ತಿದ್ದರಿಂದ ಆ ಮೌನಕ್ಕೆ ಅರ್ಥ ಬಂತು. ಹೊಸಬನೊಬ್ಬ ಅಷ್ಟು ಹೊತ್ತು ಸುಮ್ಮನಿದ್ದರೆ ನಾನು ಎದ್ದು ಕೇಬಲ್ ನೋಡುತ್ತೇನೆ.

ಇದಕ್ಕೆ ಪೂರ್ತಿ ಎದುರು ದಿಕ್ಕು ಮಾಸ್ಟರ್ ಹಿರಣ್ಣಯ್ಯ. ‘ಲಂಚಾವತಾರ’ದ ಕ್ಯಾಸೆಟ್ಟನ್ನು ನನ್ನ ಮಾವನ ಅಂಗಡಿಯಲ್ಲಿ ಟೇಪು ಸವೆಯುವವರೆಗೆ ಕೇಳಿದ್ದೇನೆ. ಅವರದ್ದು ಬಿಡುವಿಲ್ಲದ ಓಟ. ಬೆಳಗಿನ ಪೇಪರಿನ ಸುದ್ದಿ ಸಂಜೆಯ ನಾಟಕದೊಳಗೆ ಬಂದುಬಿಡುತ್ತಿತ್ತು. ಅಷ್ಟು ವೇಗದಲ್ಲಿ ಜನಕ್ಕೆ ನಗಲು ಪುರಸೊತ್ತೆಲ್ಲಿ ಎಂದು ಕೇಳಬಹುದು. ಅಲ್ಲೇ ಇರುವುದು ಕಸುಬು. ಸಣ್ಣ ನಗುಗಳ ಮೇಲೆ ಅವರು ಹಾದುಹೋಗುತ್ತಾರೆ, ನಿಲ್ಲುವುದಿಲ್ಲ. ನಗು ಒಳಗೇ ಕಟ್ಟಿಕೊಳ್ಳುತ್ತದೆ. ಆಮೇಲೆ ಒಂದು ಕಡೆ ಗಕ್ಕನೆ ನಿಂತಾಗ ಅಣೆಕಟ್ಟಿನ ಗೇಟು ತೆಗೆದ ಹಾಗೆ. ಬೆನ್ನಿ ನಿಂತು ನಗಿಸಿದ, ಹಿರಣ್ಣಯ್ಯ ಓಡಿ ನಗಿಸಿದರು. ಇಬ್ಬರೂ ಸಭೆಯ ಉಸಿರನ್ನು ಎಣಿಸುತ್ತಿದ್ದರು ಅನ್ನುವುದರಲ್ಲಿ ನನಗೆ ಸಂಶಯವಿಲ್ಲ.

ಇನ್ನು ನನ್ನ ಇಲಾಖೆಯ ಲೆಕ್ಕ ಒಂದಿದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹಿಂದಿನ ಸಾಲು 34 ಮೀಟರ್ ದೂರವಿದ್ದರೆ ಮಾತು ತಲುಪಲು ಸೆಕೆಂಡಿನ ಹತ್ತನೇ ಒಂದು ಭಾಗ, ಅಲ್ಲಿಯ ನಗು ವೇದಿಕೆಗೆ ವಾಪಸು ಬರಲು ಇನ್ನಷ್ಟೇ. ಎಲ್ಲರಿಗೂ ಮಾತು ಅರ್ಥವಾಗಲು ಬೇಕಾದ ಹೊತ್ತು ಬೇರೆ. ಹೀಗಾಗಿ ದೊಡ್ಡ ಸಭೆಯಲ್ಲಿ ನಗು ಒಮ್ಮೆಲೇ ಸಿಡಿಯುವುದಿಲ್ಲ, ತೆರೆಯಂತೆ ಮುಂದಿನಿಂದ ಹಿಂದಕ್ಕೆ ಹೋಗಿ ತಿರುಗಿ ಬರುತ್ತದೆ. ಕಚ್ಚಾ ಕಲಾವಿದ ಮುಂದಿನ ಸಾಲು ನಕ್ಕ ಕೂಡಲೇ ಮುಂದಿನ ಮಾತು ಶುರುಮಾಡುತ್ತಾನೆ. ಹಿಂದಿನವರ ನಗುವಿನಲ್ಲಿ ಅದು ಮುಳುಗುತ್ತದೆ. ಮಾತು ತಪ್ಪಿಸಿಕೊಳ್ಳುವ ಭಯಕ್ಕೆ ಅವರು ಎರಡನೇ ಸಲ ನಗುವುದನ್ನೇ ತಡೆಹಿಡಿಯುತ್ತಾರೆ. ಪಳಗಿದವನು ತೆರೆ ಏರಿ, ಇಳಿಯಲು ಶುರುವಾಗುವವರೆಗೆ ಕಾಯುತ್ತಾನೆ. ಪೂರ್ತಿ ಇಳಿಯಲೂ ಬಿಡುವುದಿಲ್ಲ, ಬಿಟ್ಟರೆ ಮತ್ತೆ ಸೊನ್ನೆಯಿಂದ ಎಬ್ಬಿಸಬೇಕು. ಗಂಗಾವತಿ ಪ್ರಾಣೇಶರನ್ನು ಕೇಳುವಾಗ ಇದೊಂದನ್ನೇ ಗಮನಿಸಿ ನೋಡಿ, ಉತ್ತರ ಕರ್ನಾಟಕದ ಆ ಮಾತಿನ ಸುರಿಮಳೆಯ ನಡುವೆ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂದು.

ಕನ್ನಡಕ್ಕೆ ಮತ್ತೊಂದು ತೊಡಕಿದೆ. ನಮ್ಮ ವಾಕ್ಯ ಕ್ರಿಯಾಪದದಿಂದ ಮುಗಿಯುತ್ತದೆ, ವಾಕ್ಯದ ತುದಿಯಲ್ಲಿ ನಾವೆಲ್ಲ ದನಿ ಇಳಿಸುತ್ತೇವೆ. ನಗೆ ಉಕ್ಕಿಸಬೇಕಾದ ಶಬ್ದ ಮಾತ್ರ ಕಟ್ಟಕಡೆಗೇ ಬರಬೇಕು, ಅದರ ನಂತರ ಏನಿದ್ದರೂ ಕಸ. “ಮಾವ ಗರ್ಭಗುಡಿ ಎದುರು ನಿಂತು ಹೊರಗೆ ಬಿಟ್ಟ ಹೊಸ ಚಪ್ಪಲಿಯನ್ನು ಅರ್ಧ ಗಂಟೆ ಧ್ಯಾನ ಮಾಡಿದ” ಅಂದರೆ ಚಪ್ಪಲಿ ನಡುವೆಯೇ ಕಳೆದುಹೋಯಿತು. “ಕಣ್ಣು ಮುಚ್ಚಿ ಅರ್ಧ ಗಂಟೆ ಧ್ಯಾನ ಮಾಡಿದ್ರು ಮಾರಾಯ್ರೆ ನಮ್ಮ ಮಾವ. ಹೊರಗೆ ಬಿಟ್ಟ ಚಪ್ಪಲೀದು.” ಇದು ಹಿಂದಿನ ಸಾಲಿಗೂ ಮುಟ್ಟುತ್ತದೆ. ಬರೆದದ್ದನ್ನು ಓದಿದ ಹಾಗೆ ಹೇಳುವವರು ಸೋಲುವುದು ಇಲ್ಲೇ. ಆಡುಮಾತು ವಾಕ್ಯವನ್ನು ಹೇಗೆ ಬೇಕಾದರೂ ತಿರುಚಲು ಬಿಡುತ್ತದೆ, ಪುಸ್ತಕದ ಕನ್ನಡ ಬಿಡುವುದಿಲ್ಲ. ಒಂಟಿಯಾಗಿ ಮೈಕ್ ಹಿಡಿದು ನಗಿಸುವ ಬೆಂಗಳೂರಿನ ಹೊಸ ಕನ್ನಡ ಸ್ಟ್ಯಾಂಡ್‌ಅಪ್ ಹುಡುಗ ಹುಡುಗಿಯರಲ್ಲಿ ನನಗೆ ಇಷ್ಟವಾಗುವುದು ಈ ಆಡುಮಾತಿನ ಧೈರ್ಯ.

ಸ್ಟ್ಯಾಂಡ್‌ಅಪ್‌ನವರು ಕೈಯಲ್ಲಿ ಹಿಡಿಯುವ ಮೈಕ್ ಬಗ್ಗೆಯೂ ಹೇಳಬೇಕು. ಶೂರ್ ಕಂಪನಿಯ ಎಸ್‌ಎಂ 58 ಬಂದದ್ದು 1966ರಲ್ಲಿ, ಇವತ್ತಿಗೂ ಪ್ರಪಂಚದ ಹಾಸ್ಯ ವೇದಿಕೆಗಳಲ್ಲಿ ಅದೇ ರಾಜ. ಇಂಥ ಮೈಕನ್ನು ತುಟಿಗೆ ಒಂದೆರಡು ಇಂಚಿಗೆ ತಂದರೆ ದನಿಗೆ ತಗ್ಗು ಸ್ವರದ ತೂಕ ಬರುತ್ತದೆ, ಕಿವಿಯ ಹತ್ತಿರ ಬಂದು ಗುಟ್ಟು ಹೇಳಿದ ಹಾಗೆ. ದೂರ ಹಿಡಿದರೆ ದನಿ ತೆಳ್ಳಗಾಗಿ ಸಭೆಗೆ ಸಾರಿದಂತೆ. ಹಿಂದಿಯ ಹಾಸ್ಯಗಾರ ಝಾಕಿರ್ ಖಾನ್ ಇದನ್ನು ಬಳಸುವುದು ನೋಡಲು ಚಂದ. ಇಂದೋರಿನವರು, ಸಂಗೀತದ ಮನೆತನ, ಸಿತಾರ್ ಕಲಿತವರು. ಸೋತ ಪ್ರೀತಿಯ ಕಥೆಯನ್ನು ವಿಲಂಬಿತದಲ್ಲಿ ಎತ್ತಿ, ಗುಟ್ಟಿನ ಜಾಗದಲ್ಲಿ ಮೈಕ್ ಹತ್ತಿರ ತಂದು, ಜಗಳದ ಜಾಗದಲ್ಲಿ ದೂರ ಮಾಡುತ್ತಾರೆ. ನಮ್ಮ ಕಡೆ ಬರುವ ಅನೇಕರು ಕಾಲರ್ ಮೈಕ್ ಬೇಕೆಂದು ಹಟ ಹಿಡಿಯುತ್ತಾರೆ. ಕೊಡುತ್ತೇನೆ, ಆದರೆ ಅರ್ಧ ಆಯುಧ ಬಿಟ್ಟುಕೊಟ್ಟಿರಿ ಎಂದು ಒಳಗೊಳಗೇ ಅಂದುಕೊಳ್ಳುತ್ತೇನೆ.

ನನ್ನ ಕಸುಬಿನವರ ಒಂದು ದುರಭ್ಯಾಸವನ್ನೂ ಒಪ್ಪಿಕೊಳ್ಳುತ್ತೇನೆ. ಹೆಂಗಸರು ಮೈಕ್ ಹಿಡಿದರೆ ದನಿ ಚುಚ್ಚುತ್ತದೆಂದು ಟ್ರೆಬಲ್, ಅಂದರೆ ದನಿಯ ಎತ್ತರದ ಭಾಗ, ಇಳಿಸಿಬಿಡುತ್ತೇವೆ. ಕ, ತ, ಸ, ಶ ಇಂಥ ಅಕ್ಷರಗಳ ಸ್ಪಷ್ಟತೆ ಇರುವುದು ಆ ಎತ್ತರದ ಭಾಗದಲ್ಲೇ. ಅಕ್ಷರ ಹೋದರೆ ಜೋಕು ಹೋಯಿತು. ಆಮೇಲೆ ಸಮಿತಿಯವರು ಹೆಂಗಸರಿಗೆ ಹಾಸ್ಯ ಆಗುವುದಿಲ್ಲ ಎಂದು ತೀರ್ಪು ಕೊಡುತ್ತಾರೆ. ಸುಧಾ ಬರಗೂರು ಅವರಂಥವರು ಇಷ್ಟು ವರ್ಷ ಇಂಥ ಎಷ್ಟು ಮಿಕ್ಸರ್‌ಗಳನ್ನು ದಾಟಿ ನಗಿಸಿರಬೇಕು!

ಇದೆಲ್ಲ ನನಗೆ ಮೊದಲು ಕಲಿಸಿದ್ದು ಆಟ. ಮೂರೂರು ರಮೇಶ ಭಂಡಾರಿ, ಕಾಸರಕೋಡು ಶ್ರೀಧರ ಭಟ್ಟರಂಥ ನಮ್ಮ ಹಾಸ್ಯಗಾರರಿಗೆ ಕೈಯಲ್ಲಿ ಮೈಕ್ ಇಲ್ಲ, ರಂಗಸ್ಥಳದ ಮೇಲೆ ತೂಗಿದ ಮೈಕೇ ಗತಿ. ಯಾವ ಮಾತಿಗೆ ಎಲ್ಲಿ ನಿಲ್ಲಬೇಕೆನ್ನುವುದನ್ನು ಕಾಲೇ ಕಲಿತಿರಬೇಕು. ಆದರೆ ಅವರಿಗೆ ಇರುವ ಒಂದು ಅನುಕೂಲ ಸ್ಟ್ಯಾಂಡ್‌ಅಪ್‌ನವರಿಗಿಲ್ಲ: ಹಾಡುತ್ತ ಆಟ ನಡೆಸುವ ಭಾಗವತರು. ‘ಭೀಷ್ಮ ವಿಜಯ’ ಪ್ರಸಂಗದ ಹಾಸ್ಯಪಾತ್ರ ಕಾಶಿಮಾಣಿ ಏನೇ ಅಧಿಕಪ್ರಸಂಗ ಮಾಡಲಿ, ಭಾಗವತರು ತಾಳ ಹಿಡಿದು ಗಂಭೀರವಾಗಿ ಪ್ರಶ್ನೆ ಕೇಳುತ್ತಾರೆ. ಆ ಗಾಂಭೀರ್ಯಕ್ಕೆ ತಾಗಿಯೇ ಮಾಣಿಯ ಮಾತು ಪುಟಿಯುವುದು. ಒಂಟಿಯಾಗಿ ನಿಂತವನಿಗೆ ಭಾಗವತರು ಯಾರು? ಅದಕ್ಕೇ ಮುಂದಿನ ಸಾಲಿನ ಒಬ್ಬರನ್ನು ಹಿಡಿದು “ಏನು ಕೆಲಸ ನಿಮ್ಮದು?” ಎಂದು ಶುರುಮಾಡುತ್ತಾನೆ. ಜನ ಅದನ್ನು ಕಾಲೆಳೆಯುವುದು ಅಂದುಕೊಳ್ಳುತ್ತಾರೆ. ಅವನು ತನಗೊಬ್ಬ ಭಾಗವತನನ್ನು ಹುಡುಕುತ್ತಿರುತ್ತಾನೆ.

ಕಾರವಾರಕ್ಕೆ ಹೋದರೆ ಲೆಕ್ಕ ಬದಲಾಗುತ್ತದೆ. ಟಾಗೋರ್ ಕಡಲತೀರದ ಮಯೂರವರ್ಮ ವೇದಿಕೆಯ ಮುಂದೆ ಗೋಡೆಯೂ ಇಲ್ಲ, ಮಾಡೂ ಇಲ್ಲ. ಮಾತನ್ನು ಬಾಕ್ಸಿನಿಂದ ತಲುಪಿಸಬಹುದು, ಒಬ್ಬರ ನಗು ಇನ್ನೊಬ್ಬರಿಗೆ ತಲುಪಿಸಲು ನನ್ನಲ್ಲಿ ಯಂತ್ರವಿಲ್ಲ. ಅದು ಆಕಾಶಕ್ಕೆ ಹೋಗುತ್ತದೆ. ಶಿರಸಿಯ ತಗಡಿನ ಮಾಡಿನ ಹಾಲ್‌ನಲ್ಲಿ ಗೊಂದಲ ಎಷ್ಟೇ ಇರಲಿ, ನಗು ತಲೆ ಮೇಲೆ ಬಡಿದು ಮತ್ತೆ ಜನರ ಮೇಲೇ ಬೀಳುತ್ತದೆ, ನೂರು ಜನ ಸಾವಿರ ಜನರ ಹಾಗೆ ನಗುತ್ತಾರೆ. ಕಾರವಾರದಲ್ಲಿ ಕೊಂಕಣಿ ಮನೆಮಾತಿನವರೂ ಬಹಳ, ಶಬ್ದದ ಮೇಲೆ ಆಡುವ ಕನ್ನಡ ಜೋಕು ಅಲ್ಲಿ ಎರಡು ಕಂತಿನಲ್ಲಿ ನಗು ತರುತ್ತದೆ: ತಿಳಿದವರದ್ದು ಮೊದಲು, ಪಕ್ಕದವರು ತಿಳಿಸಿಕೊಟ್ಟ ಮೇಲಿನದು ಆಮೇಲೆ. ಮಾವ, ಅತ್ತೆ, ಮೀನಿನ ರೇಟು ಇಂಥವಕ್ಕೆ ತರ್ಜುಮೆ ಬೇಡ.

1950ರ ದಶಕದಲ್ಲಿ ಅಮೆರಿಕದ ಚಾರ್ಲಿ ಡಗ್ಲಸ್ ಎಂಬ ಸೌಂಡ್ ಎಂಜಿನಿಯರ್ ಟೈಪ್‌ರೈಟರಿನಂತೆ ಕೀಲಿಮಣೆ ಇದ್ದ ನಗುವಿನ ಪೆಟ್ಟಿಗೆಯನ್ನೇ ಮಾಡಿದ್ದ. ಗುಂಡಿ ಒತ್ತಿದರೆ ಟಿವಿ ಹಾಸ್ಯಕ್ಕೆ ಬೇಕಾದ ಅಳತೆಯ ನಗು. ನನ್ನದೇ ಕಸುಬಿನವನ ಆ ಬುದ್ಧಿಗೆ ಮೆಚ್ಚುಗೆ ಇದೆ, ಆದರೆ ನನಗೆ ಬೇಕಾದದ್ದು ಅಷ್ಟು ದೊಡ್ಡ ಯಂತ್ರವಲ್ಲ. ಸೋಫಾ ತೆಗೆದರೆ ಸಾಕು.

ಹೌದು, ಸೋಫಾ. ನಮ್ಮ ಎಲ್ಲ ಊರಿನಲ್ಲೂ ವೇದಿಕೆಯ ಮುಂದೆ 15 ಅಡಿ ಖಾಲಿ ಬಿಟ್ಟು ಗಣ್ಯರಿಗೆ ಸೋಫಾ ಹಾಕುತ್ತಾರೆ. ಗಣ್ಯರು ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ, ಅರ್ಧ ಕಾರ್ಯಕ್ರಮಕ್ಕೆ ಎದ್ದು ಹೋಗುತ್ತಾರೆ. ಆಮೇಲೆ ಕಲಾವಿದನ ಎದುರಿಗಿರುವುದು ಖಾಲಿ ಸೋಫಾ, ಅದರ ಹಿಂದೆ ನಗುವ ಜನ. ಹೋದ ವರ್ಷ ಕುಮಟಾ ಕಡೆಯ ಒಂದು ಕಾರ್ಯಕ್ರಮದಲ್ಲಿ ನಾನು ಬೇಗ ಹೋಗಿ ಹುಡುಗರಿಂದ ಸೋಫಾ ಎತ್ತಿಸಿ ಬದಿಗೆ ಇರಿಸಿ, ಕುರ್ಚಿಗಳನ್ನು ವೇದಿಕೆಯ ಬುಡಕ್ಕೇ ತಂದೆ. ಅಧ್ಯಕ್ಷರು ಬಂದು ಇದೇನು ಭಟ್ರೆ ಅಂದರು. ಅಲ್ಲಿ ಕೇಬಲ್ ಹೋಗುತ್ತದೆ, ಶಾಕ್ ಹೊಡೆಯಬಹುದು ಅಂದೆ. ತುಸು ಯೋಚಿಸಿ, “ಕುರ್ಚಿಯವರಿಗೆ ಹೊಡೆಯೂದಿಲ್ವಾ?” ಅಂದರು. ಆ ಸಂಜೆಯ ಮೊದಲ ದೊಡ್ಡ ನಗು ನನ್ನ ಹುಡುಗರದ್ದು.