ಕಡಿಮೆ ತೆರಿಗೆ, ದೊಡ್ಡ ಸೇನೆ: ಅಮೆರಿಕದ ಬಲಪಂಥದೊಳಗಿನ ಹಳೆಯ ತಿಕ್ಕಾಟ

ಅಮೆರಿಕದ ಸಾಲದ ಮಿತಿಯ, ಅಂದರೆ ಸರ್ಕಾರ ಎಷ್ಟು ಸಾಲ ಮಾಡಬಹುದೆಂದು ಕಾನೂನು ಹಾಕಿದ ಗೆರೆಯ, ಜಗಳ ಸುದ್ದಿಯಾದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: ಸರ್ಕಾರ ಚಿಕ್ಕದಾಗಿರಬೇಕು ಎನ್ನುವ ರಿಪಬ್ಲಿಕನ್ನರೇ ಸೇನೆಗೆ ಇನ್ನಷ್ಟು ಹಣ ಬೇಕೆಂದು ಏಕೆ ಪಟ್ಟು ಹಿಡಿಯುತ್ತಾರೆ? ಕಡಿಮೆ ತೆರಿಗೆ, ಮಿತ ಸರ್ಕಾರ, ಬಲಿಷ್ಠ ರಕ್ಷಣೆ ಎಂಬ ಮೂರು ಬೇಡಿಕೆಗಳನ್ನು ಆ ಪಾಳಯ ದಶಕಗಳಿಂದ ಒಟ್ಟಿಗೆ ಹೊತ್ತು ಬಂದಿದೆ. ಬಿಡಿಬಿಡಿಯಾಗಿ ಮೂರಕ್ಕೂ ಗಟ್ಟಿ ವಾದಗಳಿವೆ. ಒಂದೇ ಬಜೆಟ್ಟಿನಲ್ಲಿ ಕೂಡಿಸಲು ಹೊರಟರೆ ಲೆಕ್ಕ ತಾಳೆಯಾಗುವುದಿಲ್ಲ.

ಎರಡನೇ ಮಹಾಯುದ್ಧದ ದಂಡನಾಯಕರಾಗಿದ್ದ ರಿಪಬ್ಲಿಕನ್ ಅಧ್ಯಕ್ಷ ಐಸೆನ್‌ಹೋವರ್ ಅವರೇ 1961ರ ಜನವರಿಯಲ್ಲಿ, ಅಧಿಕಾರ ಬಿಡುವ ಮುನ್ನ, ಸೇನೆ ಮತ್ತು ಶಸ್ತ್ರಾಸ್ತ್ರ ಉದ್ಯಮದ ಕೂಟದ ಬಗ್ಗೆ ದೇಶವನ್ನು ಎಚ್ಚರಿಸಿದ್ದರು. ಎಂಬತ್ತರ ದಶಕದಲ್ಲಿ, ಅದೇ ಪಕ್ಷದ ಅಧ್ಯಕ್ಷ ರೇಗನ್ ಕಾಲದಲ್ಲಿ, ಗರಿಷ್ಠ ಆದಾಯ ತೆರಿಗೆ ದರ ಶೇ 70ರಿಂದ 28ಕ್ಕೆ ಇಳಿಯಿತು, ಸೇನೆ ಬೆಳೆಯಿತು, ಸಾಲ ಹೆಚ್ಚುಕಡಿಮೆ ಮೂರು ಪಟ್ಟಾಯಿತು. ತೊಂಬತ್ತರ ದಶಕದ ಕೊನೆಗೆ ಕೈಸೇರಿದ್ದ ಉಳಿತಾಯವನ್ನು 2001ರ ನಂತರದ ತೆರಿಗೆ ಕಡಿತಗಳು, ಆರ್ಥಿಕ ಹಿಂಜರಿತ ಮತ್ತು ಎರಡು ಯುದ್ಧಗಳು ನುಂಗಿದವು.

ಗಂಟು ಬಿಗಿದದ್ದು 2011ರಲ್ಲಿ. ಹಿಂದಿನ ವರ್ಷದ ಚುನಾವಣೆಯಲ್ಲಿ ರಿಪಬ್ಲಿಕನ್ನರು ಪ್ರತಿನಿಧಿ ಸಭೆಯಲ್ಲಿ 63 ಸ್ಥಾನಗಳನ್ನು ಹೆಚ್ಚಿಸಿಕೊಂಡಿದ್ದರು. ತೆರಿಗೆ ಮತ್ತು ಸರ್ಕಾರಿ ವೆಚ್ಚವನ್ನು ವಿರೋಧಿಸುವ ಟೀ ಪಾರ್ಟಿ ಚಳವಳಿಯ ಬಲದಿಂದ ಗೆದ್ದು ಬಂದ ಹಲವರು, ವೆಚ್ಚ ಇಳಿಯದೆ ಸಾಲದ ಮಿತಿ ಏರಿಸಲು ಒಪ್ಪಲಿಲ್ಲ. ಆಗಸ್ಟ್ 2ರಂದು, ಮಿತಿ ಏರಿಸಬೇಕಿದ್ದ ಗಡುವಿನ ದಿನವೇ, ಅದನ್ನು ಏರಿಸಿ ವೆಚ್ಚಕ್ಕೆ ಕಡಿವಾಣ ಹಾಕುವ ಬಜೆಟ್ ನಿಯಂತ್ರಣ ಕಾಯ್ದೆಗೆ ಸಹಿ ಬಿತ್ತು. ಆದರೂ ಮೂರೇ ದಿನಗಳಲ್ಲಿ ಸ್ಟ್ಯಾಂಡರ್ಡ್ ಆ್ಯಂಡ್ ಪೂರ್ಸ್ ಸಂಸ್ಥೆ ಅಮೆರಿಕದ ಸಾಲಯೋಗ್ಯತೆಯ ದರ್ಜೆಯನ್ನು ಇಳಿಸಿತು.

ಕಾಯ್ದೆಯ ತಂತ್ರ ವಿಚಿತ್ರವಾಗಿತ್ತು. ಎರಡೂ ಪಕ್ಷಗಳ ಹನ್ನೆರಡು ಸದಸ್ಯರ ಸಮಿತಿ ಕೊರತೆ ತಗ್ಗಿಸುವ ದಾರಿಯ ಬಗ್ಗೆ ಒಮ್ಮತಕ್ಕೆ ಬರದಿದ್ದರೆ ಸುಮಾರು 1.2 ಲಕ್ಷ ಕೋಟಿ ಡಾಲರ್ ಕಡಿತ ತಾನಾಗಿ ಜಾರಿಯಾಗಬೇಕು. ಅದರ ಅರ್ಧ ಭಾರ ರಕ್ಷಣೆಯ ಮೇಲೆ. ಅಷ್ಟು ಕಹಿಯಾದುದನ್ನು ಯಾರೂ ಬಯಸಲಾರರು, ಹೆದರಿಯಾದರೂ ರಾಜಿಯಾಗುತ್ತಾರೆ ಎಂಬುದು ನಂಬಿಕೆ. ಸಮಿತಿ ಸೋತಿತು. 2013ರ ಮಾರ್ಚ್ 1ರಂದು ಕತ್ತರಿ ಬಿತ್ತು. ಅದಕ್ಕೆ ಮೊದಲೇ, ಹಣದ ಅನಿಶ್ಚಿತತೆಯಿಂದ, ಪರ್ಷಿಯನ್ ಕೊಲ್ಲಿಗೆ ಹೊರಡಬೇಕಿದ್ದ ವಿಮಾನವಾಹಕ ನೌಕೆ ಹ್ಯಾರಿ ಟ್ರೂಮನ್ ಬಂದರಿನಲ್ಲೇ ಉಳಿದಿತ್ತು. ಆಮೇಲೆ ವಾಯುಪಡೆಯ ಹಲವು ಯುದ್ಧ ಸ್ಕ್ವಾಡ್ರನ್‌ಗಳು ಹಾರಾಟ ನಿಲ್ಲಿಸಿದವು, ರಕ್ಷಣಾ ಇಲಾಖೆಯ ಸುಮಾರು 6.5 ಲಕ್ಷ ನಾಗರಿಕ ನೌಕರರು ಆರು ದಿನಗಳ ಸಂಬಳ ಕಳೆದುಕೊಂಡರು. ತರಬೇತಿಯನ್ನೂ ದುರಸ್ತಿಯನ್ನೂ ಕುರುಡಾಗಿ ಕೊಯ್ದದ್ದು ಮಿತವ್ಯಯ ಎನಿಸಿಕೊಳ್ಳಲಾರದು. ಸಾಲವನ್ನು ಬೆಳೆಸುತ್ತಿದ್ದ ಪಿಂಚಣಿ ಮತ್ತು ಆರೋಗ್ಯ ಯೋಜನೆಗಳನ್ನಾಗಲಿ, ತೆರಿಗೆಯನ್ನಾಗಲಿ ಆ ಕತ್ತರಿ ಹೆಚ್ಚುಕಡಿಮೆ ಮುಟ್ಟಲೇ ಇಲ್ಲ.

ಮುಂದೆ 2013, 2015, 2018 ಮತ್ತು 2019ರಲ್ಲಿ ಆ ಕಾಯ್ದೆ ವೆಚ್ಚಕ್ಕೆ ಹಾಕಿದ್ದ ಮಿತಿಗಳನ್ನು ಸಡಿಲಿಸಲಾಯಿತು. ಮಿತಿಗೆ ಒಳಪಡದ ಸಾಗರೋತ್ತರ ಯುದ್ಧನಿಧಿಗೆ ಸೇನೆಯ ದಿನನಿತ್ಯದ ಖರ್ಚುಗಳೂ ಸೇರಿಕೊಂಡವು. 2017ರ ಕಾಯ್ದೆ ಕಂಪನಿ ತೆರಿಗೆಯನ್ನು ಶೇ 35ರಿಂದ 21ಕ್ಕೆ ತಂದಿತು. 2024ರ ಹಣಕಾಸು ವರ್ಷದಲ್ಲಿ ಸಾಲದ ಬಡ್ಡಿ ರಕ್ಷಣಾ ವೆಚ್ಚವನ್ನೇ ಮೀರಿತು. 2025ರ ಜುಲೈ 4ರಂದು ಸಹಿಯಾದ ಕಾಯ್ದೆ 2017ರ ಆದಾಯ ತೆರಿಗೆ ದರಗಳನ್ನು ಕಾಯಂಗೊಳಿಸಿತು, ರಕ್ಷಣೆಗೆ ಸುಮಾರು 15,000 ಕೋಟಿ ಡಾಲರ್ ಹೆಚ್ಚುವರಿಯಾಗಿ ಕೊಟ್ಟಿತು, ಸಾಲದ ಮಿತಿಯನ್ನು 5 ಲಕ್ಷ ಕೋಟಿ ಡಾಲರ್ ಏರಿಸಿತು.